ಎರಡನೇ ಬ್ರೇಕು

ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿಗೆ. ಆ ಎರಡನೇ ಬ್ರೇಕನ್ನು ಮುಟ್ಟಬೇಕಾದ್ದು ಪ್ರಾಣಕ್ಕೆ ಬಂದಾಗ ಮಾತ್ರ. ಆದರೆ ಈ ಕತೆಯ ಮನುಷ್ಯನಿಗೆ ಬೆಳಗಿನಿಂದ ಸಂಜೆಯವರೆಗೂ ಪ್ರಾಣಕ್ಕೇ ಬರುತ್ತಿತ್ತು. ಎದುರಿಗೊಂದು ಪ್ಲಾಸ್ಟಿಕ್ ಚೀಲ ಹಾರಿ ಬಂದರೂ ಸಾಕು, ಅವನ ಬಲಗಾಲು ತಾನಾಗಿ ಕೆಳಗಿಳಿಯುತ್ತಿತ್ತು. ಕಲಿಯಲು ಬಂದವರು ಮುಗ್ಗರಿಸಿ, ಸ್ಟೀರಿಂಗಿಗೆ ಗಲ್ಲ ತಾಗಿಸಿಕೊಂಡು, ‘ಈಗ ಯಾಕೆ ಮಾಮ?’ ಎಂದರೆ, ‘ನಾಳೆನೂ ಹೀಗೇ ಕೇಳೋಕೆ ನೀನು ಇರ್ಬೇಕಲ್ಲಪ್ಪ, ಅದಕ್ಕೆ’ ಎನ್ನುತ್ತಿದ್ದ. ಹೀಗೆ ಅವನಿಗೆ ಬ್ರೇಕ್ ಮಾಮ ಎಂಬ ಹೆಸರು ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ಅವನ ಲೈಸೆನ್ಸಿನ ಮೇಲೆ ಮಾತ್ರ ಉಳಿಯಿತು.

ಅವನು ಕಾರು ಕಲಿಸುತ್ತಿದ್ದ ಊರಿನ ನಡುವೆ ಒಂದು ವೃತ್ತವಿದೆ. ವೃತ್ತದ ನಡುವೆ ನೀರು ಚಿಮ್ಮುವುದನ್ನು ಎಂದೋ ಮರೆತ ಕಾರಂಜಿ. ಅಲ್ಲಿಗೆ ನಾಲ್ಕು ರಸ್ತೆಗಳು ಬಂದು ಸೇರುತ್ತವೆ. ದಕ್ಷಿಣದ್ದು ಲೈಸೆನ್ಸ್ ಕಚೇರಿಯ ರಸ್ತೆ, ಉತ್ತರದ್ದು ಆಸ್ಪತ್ರೆಯ ರಸ್ತೆ. ಪಡುವಣ ಬೀದಿಯಲ್ಲಿ ಮಾಮನ ಪಂಗಡದವರಿದ್ದರೆ ಮೂಡಣ ಬೀದಿಯಲ್ಲಿ ಇನ್ನೊಂದು ಪಂಗಡದವರು. ಎರಡೂ ಪಂಗಡಕ್ಕೆ ದೇವರು ಒಬ್ಬನೇ, ಭಾಷೆ ಒಂದೇ, ಹಲ್ಲು ಕೀಳಿಸಿಕೊಳ್ಳಲು ಹೋಗುವ ಡಾಕ್ಟರೂ ಒಬ್ಬನೇ. ಹಾಗಾದರೆ ವ್ಯತ್ಯಾಸವೇನು ಎಂದು ಪರಸ್ಥಳದವರು ಕೇಳಿದರೆ, ವಿವರಿಸಲು ಹೊರಟವರು ನಡುವೆಯೇ ಎಳೆ ತಪ್ಪಿ, ಕೇಳಿದವರ ಮೇಲೇ ರೇಗುತ್ತಿದ್ದರು. ಪ್ರತಿಯೊಂದು ಬೀದಿಯವರೂ ಇನ್ನೊಂದು ಬೀದಿಯವರನ್ನು ‘ಆಚೆಯವರು’ ಎನ್ನುತ್ತಿದ್ದರು.

ವೃತ್ತದ ನಿಯಮ ಸರಳವಾದದ್ದು: ಕಾರಂಜಿಯನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಎರಡು ಬೀದಿಗಳ ನಡುವೆ ಗಲಾಟೆಯಾದ ವರ್ಷದವರೆಗೂ ಎಲ್ಲರೂ ಹಾಗೇ ಸುತ್ತುತ್ತಿದ್ದರು. ಆ ವರ್ಷ ಮಾಮನ ಭಾವ, ಅಂದರೆ ಅಕ್ಕನ ಗಂಡ, ಬಟ್ಟೆ ಗಂಟುಗಳ ವ್ಯಾನು ಓಡಿಸಿಕೊಂಡು ಬರುವಾಗ, ಮೂಡಣ ಬೀದಿಯ ಬಾಯಲ್ಲಿ ಯಾರೋ ಬಾಗಿಲು ತೆಗೆದು ಅವನನ್ನು ಕೆಳಗೆಳೆದರು. ಅವನ ಎಡಗಾಲು ಆಮೇಲೆ ಮಡಚಲಿಲ್ಲ. ಅದೇ ವಾರ ಪಡುವಣ ಬೀದಿಯ ಬಾಯಲ್ಲಿ ಒಂದು ಟ್ಯಾಕ್ಸಿ ಉರಿಯಿತು. ಅಂದಿನಿಂದ ಯಾರೂ ಇನ್ನೊಬ್ಬರ ಬೀದಿಯ ಬಾಯಿಯನ್ನು ಹಾದುಹೋಗಲಿಲ್ಲ. ಪಡುವಣದವರು ಆಸ್ಪತ್ರೆಗೆ ಹೋಗುವಾಗಲೂ ಬರುವಾಗಲೂ ವೃತ್ತದ ಪಡುವಣ ಅರ್ಧವನ್ನೇ ಬಳಸಿದರು. ಹೋಗುವಾಗ ನಿಯಮದ ಪ್ರಕಾರ ಸರಿ, ಬರುವಾಗ ತಪ್ಪು. ಮೂಡಣದವರು ಇನ್ನರ್ಧವನ್ನು ಬಳಸಿದರು. ಅವರದು ಹೋಗುವಾಗ ತಪ್ಪು, ಬರುವಾಗ ಸರಿ. ಟ್ರಾಫಿಕ್ ಪೊಲೀಸರು ಮೊದಮೊದಲು ಸೀಟಿ ಊದಿದರು, ಆಮೇಲೆ ಸೀಟಿಯನ್ನು ಜೇಬಿಗಿಟ್ಟರು. ವರ್ಷಗಳು ಕಳೆದು ಹೊಸ ತಲೆಮಾರು ಸ್ಟೀರಿಂಗ್ ಹಿಡಿಯುವ ಹೊತ್ತಿಗೆ ಊರಿನಲ್ಲಿದ್ದದ್ದು ವೃತ್ತವಲ್ಲ, ಬೆನ್ನಿಗೆ ಬೆನ್ನು ತಿರುಗಿಸಿ ನಿಂತ ಎರಡು ಅರ್ಧಗಳು.

‘ಇಲ್ಲಿಂದ ಹೋಗು, ಇಲ್ಲಿಂದಲೇ ವಾಪಸ್ ಬಾ. ಎದುರಿಗೆ ನಮ್ಮೋರು ಬಂದ್ರೆ ಲೈಟ್ ಹಾಕು, ಅವರೂ ಹಾಕ್ತಾರೆ’ ಎಂದು ಮಾಮ ಕಲಿಸುತ್ತಿದ್ದ. ಮೂಡಣ ಬೀದಿಯ ಡ್ರೈವಿಂಗ್ ಶಾಲೆಯಲ್ಲಿ ಒಬ್ಬ ಹೆಂಗಸು ಇದನ್ನೇ ತಿರುಗಿಸಿ ಕಲಿಸುತ್ತಿದ್ದಳು. ಬ್ರೇಕಿಗಿಂತ ಹೆಚ್ಚಾಗಿ ಹಾರ್ನನ್ನು ನಂಬುತ್ತಿದ್ದ ಆಕೆಯನ್ನು ಎರಡೂ ಬೀದಿಯವರು ಹಾರ್ನ್ ಮೇಡಂ ಎನ್ನುತ್ತಿದ್ದರು. ಆ ಒಂದು ವಿಷಯದಲ್ಲಿ ಊರಿಗೆ ಒಮ್ಮತವಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಲೈಸೆನ್ಸ್ ಕಚೇರಿಗೆ ಹೊಸ ಪರೀಕ್ಷಕಿ ಬಂದಳು. ದೂರದ ಊರಿನವಳು, ಮಾತು ಕಡಿಮೆ. ಹಳೆಯ ಪರೀಕ್ಷಕ ಕಚೇರಿಯ ಹಿಂದಿನ ಮೈದಾನದಲ್ಲಿ ಎಂಟು ಹಾಕಿಸಿ ಸಹಿ ಮಾಡುತ್ತಿದ್ದ. ಈಕೆ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ‘ವೃತ್ತಕ್ಕೆ ಹೋಗಿ. ಪೂರ್ತಿ ಒಂದು ಸುತ್ತು ಹಾಕಿ. ವಾಪಸ್ ಇಲ್ಲಿಗೆ ಬಂದು ರಿವರ್ಸಲ್ಲಿ ನಿಲ್ಲಿಸಿ’ ಎಂದಳು.

ಮೊದಲ ದಿನ ಪರೀಕ್ಷೆಗೆ ಬಂದವನು ಪಡುವಣ ಬೀದಿಯ ಪೇಂಟರು. ಆಸ್ಪತ್ರೆ ರಸ್ತೆಯವರೆಗೆ ಚೆನ್ನಾಗಿಯೇ ಹೋಗಿ, ಅಲ್ಲಿಂದ ಕಾರು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದ.

‘ಇದು ಎದುರು ದಿಕ್ಕು’ ಎಂದಳು ಪರೀಕ್ಷಕಿ.

‘ಇಲ್ಲ ಮೇಡಂ, ಇಲ್ಲಿ ಹೀಗೇ.’

‘ಹೀಗೇ ಅಂದ್ರೆ?’

‘ಎಲ್ಲರೂ ಹೀಗೇ.’

‘ಹಾಗಾದ್ರೆ ಎಲ್ಲರೂ ಫೇಲ್.’

ಆಕೆ ಅಂದದ್ದನ್ನು ಮಾಡಿಯೂ ತೋರಿಸಿದಳು. ಪಡುವಣದವರು, ಮೂಡಣದವರು ಎನ್ನದೆ ಸಾಲಾಗಿ ಫೇಲಾದರು. ತಕ್ಕಡಿ ಹಿಡಿದು ತೂಗಿದ ಹಾಗಿದ್ದ ಈ ನ್ಯಾಯದಿಂದ ಎರಡೂ ಬೀದಿಯವರಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು.

ಮಾಮ ಇದನ್ನೆಲ್ಲ ಉಡಾಫೆಯಿಂದಲೇ ನೋಡುತ್ತಿದ್ದನೇನೋ. ಆದರೆ ಫೇಲಾದವರಲ್ಲಿ ಅವನ ಅಕ್ಕನ ಮಗಳೂ ಒಬ್ಬಳು. ಮನೆಯಲ್ಲಿ ಅವಳನ್ನು ಚೂಟಿ ಎಂದು ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಕೆಲಸ ಮಾಡುತ್ತಿದ್ದ ಅವಳು ಆಂಬ್ಯುಲೆನ್ಸ್ ಓಡಿಸುವ ಹುದ್ದೆಗೆ ಅರ್ಜಿ ಹಾಕಿದ್ದಳು. ‘ಒಳಗಡೆ ತಳ್ಳಿದ್ದು ಸಾಕು ಮಾಮ, ಇನ್ಮೇಲೆ ಹೊರಗಡೆಯಿಂದ ತರ್ತೀನಿ’ ಎಂದಿದ್ದಳು. ಹುದ್ದೆ ಅವಳಿಗೇ ಎಂದು ಆಸ್ಪತ್ರೆಯವರು ಹೇಳಿಯೂ ಆಗಿತ್ತು. ತಿಂಗಳು ಮುಗಿಯುವುದರೊಳಗೆ ಲೈಸೆನ್ಸ್ ತರಬೇಕು, ಇಲ್ಲದಿದ್ದರೆ ಬೇರೆಯವರಿಗೆ.

ಮೊದಲನೇ ಸಲ ಅವಳೂ ಪೇಂಟರಂತೆ ಎದುರು ದಿಕ್ಕಿನಲ್ಲಿ ಬಂದು ಫೇಲಾದಳು. ಎರಡನೇ ಸಲ ಹಟ ಹಿಡಿದು, ಪೂರ್ತಿ ಸುತ್ತಿಯೇ ಬರುತ್ತೇನೆಂದು ಹೊರಟಳು. ಮಾಮ ನಿಯಮದ ಪ್ರಕಾರ ಪಕ್ಕದಲ್ಲಿ, ಎರಡನೇ ಬ್ರೇಕಿನ ಮೇಲೆ. ತಮ್ಮ ಬೀದಿಯ ಬಾಯಿ ದಾಟಿತು, ಆಸ್ಪತ್ರೆಯ ರಸ್ತೆ ದಾಟಿತು. ವೃತ್ತದ ಆಚೆಯ ಅರ್ಧದಲ್ಲಿ ಚೂಟಿ ಗೇರು ಬದಲಿಸಿದಳು. ಮೂಡಣ ಬೀದಿಯ ಬಾಯಿಗೆ ಬಂದಾಗ ಕಾರು ಗಕ್ಕನೆ ನಿಂತು, ಎಂಜಿನ್ ಕೆಮ್ಮಿ ಆರಿಹೋಯಿತು.

‘ಯಾರು ಬ್ರೇಕ್ ಹಾಕಿದ್ದು?’ ಹಿಂದಿನಿಂದ ಪರೀಕ್ಷಕಿ ಕೇಳಿದಳು.

ಚೂಟಿ ಮಾಮನ ಕಾಲು ನೋಡಿದಳು. ಮಾಮನೂ ಅದನ್ನೇ ನೋಡುತ್ತಿದ್ದ, ಬೇರೆ ಯಾರದೋ ಕಾಲು ತನ್ನ ಪ್ಯಾಂಟಿನೊಳಗೆ ಬಂದು ಸೇರಿಕೊಂಡಿದೆಯೇನೋ ಎಂಬಂತೆ.

‘ಬೆಕ್ಕು ಅಡ್ಡ ಬಂತು’ ಎಂದ.

ಪರೀಕ್ಷಕಿ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯ ಉದ್ದಗಲ ನೋಡಿದಳು. ಬೀದಿಯ ಬಾಯಲ್ಲಿ ಬೀಗ ರಿಪೇರಿಯವನೊಬ್ಬ ಸ್ಟೂಲಿನ ಮೇಲೆ ಕೂತು ಕೀಲಿ ಉಜ್ಜುತ್ತಿದ್ದ. ಬೆಕ್ಕೆಂಬುದು ಎಲ್ಲೂ ಇರಲಿಲ್ಲ. ‘ಕಲಿಸುವವರು ಬ್ರೇಕ್ ಹಾಕಿದ್ರೆ ಕಲಿಯುವವರು ಫೇಲ್’ ಎಂದು ಹೇಳಿ ಕಿಟಕಿ ಏರಿಸಿದಳು.

ಮನೆ ಪಡುವಣ ಬೀದಿಯ ಬಾಯಲ್ಲೇ, ಕ್ಷೌರದಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿಯ ಪಕ್ಕ ಭಾವನ ಕುರ್ಚಿ, ಕುರ್ಚಿಯ ಮುಂದೆ ಅವನ ಮಡಚದ ಕಾಲಿಗೊಂದು ಮಣೆ. ಅಲ್ಲಿ ಕೂತರೆ ಇಡೀ ವೃತ್ತ ಕಾಣುತ್ತಿತ್ತು. ಭಾವ ಅಲ್ಲೇ ಕೂರುತ್ತಿದ್ದ, ಆದರೆ ನೋಡುತ್ತಿದ್ದದ್ದು ಈಚೆಯ ಅರ್ಧವನ್ನು ಮಾತ್ರ. ಮದುವೆಯಾಗದ ಮಾಮ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದ.

‘ಬೆಕ್ಕಂತೆ’ ಎಂದಳು ಚೂಟಿ, ಚಪ್ಪಲಿ ಬಿಡುತ್ತಾ. ‘ಅಮ್ಮಾ, ನಿನ್ನ ತಮ್ಮನಿಗೆ ಬೆಕ್ಕು ಕಾಣಿಸ್ತಂತೆ.’

‘ಯಾವ ಬಣ್ಣದ್ದೋ?’ ಎಂದಳು ಅಕ್ಕ ಒಳಗಿನಿಂದ. ಅಕ್ಕನಿಗೆ ತಮ್ಮನ ಕಾಲಿನ ಕತೆ ಗೊತ್ತಿತ್ತು. ಮನೆಯ ಕುರ್ಚಿಯ ಮೇಲೆ ಕೂತಾಗಲೂ ಅವನು ನೆಲ ಒತ್ತುತ್ತಿದ್ದ.

‘ಅಲ್ಲಿಗೆ ಹೋಗಿದ್ದೇ ತಪ್ಪು’ ಎಂದ ಭಾವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು. ‘ಬ್ರೇಕ್ ಹಾಕಿದ್ದು ಸರಿಯಾಗೇ ಇದೆ.’

‘ಅಪ್ಪಾ, ಆಚೆ ಬೀದಿಲಿ ಯಾರಿಗೋ ಎದೆನೋವು ಬಂದ್ರೆ ನಾನು ವೃತ್ತದಲ್ಲಿ ನಿಂತ್ಕೊಂಡು, ಸ್ವಲ್ಪ ಈಚೆಗೆ ನಡ್ಕೊಂಡು ಬನ್ನಿ ಅನ್ಲಾ?’

‘ಅವರದ್ದು ಅವರು ನೋಡ್ಕೋತಾರೆ.’

‘ಹೌದೌದು. ಇಲ್ಲಿವರೆಗೂ ಚೆನ್ನಾಗಿ ನೋಡ್ಕೊಂಡಿದೀರಿ ಎಲ್ಲರೂ.’ ಚೂಟಿ ಮಾಮನ ಕಡೆ ತಿರುಗಿದಳು. ‘ನನಗೆ ಉಳಿದಿರೋದು ಒಂದೇ ಸಲ ಮಾಮ. ನೀನು ಒಳ್ಳೆಯವನೇ. ಆದ್ರೆ ನಿನ್ನ ಕಾಲು ಆ ಪೆಡಲಿನ ಮೇಲೆ ಇರೋ ತನಕ ನನಗೆ ಈ ಜನ್ಮದಲ್ಲಿ ಲೈಸೆನ್ಸ್ ಇಲ್ಲ.’

ಮಾಮನಿಗೆ ಬೇಸರವಾದದ್ದು ಅವಳು ಸಿಟ್ಟಾದದ್ದಕ್ಕಲ್ಲ. ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲವಲ್ಲ, ಅದಕ್ಕೆ.

ಲೈಸೆನ್ಸ್ ಕಚೇರಿಯ ಹೊರಗೆ ಒಂದು ಉದ್ದನೆಯ ಬೆಂಚು. ಅದರ ಒಂದು ತುದಿಯಲ್ಲಿ ಮಾಮ, ಇನ್ನೊಂದು ತುದಿಯಲ್ಲಿ ಹಾರ್ನ್ ಮೇಡಂ. ವರ್ಷಗಳಿಂದ ಇದೇ ವ್ಯವಸ್ಥೆ. ಒಬ್ಬರು ಎದ್ದರೆ ಬೆಂಚು ಇನ್ನೊಬ್ಬರ ಕಡೆ ವಾಲಿಬಿಡುತ್ತಿದ್ದುದರಿಂದ, ಏಳುವ ಮೊದಲು ಇಬ್ಬರೂ ಸಣ್ಣಗೆ ಕೆಮ್ಮಿ ಸೂಚನೆ ಕೊಡುತ್ತಿದ್ದರು. ಅವರ ನಡುವೆ ಅದುವರೆಗೆ ಆದ ಮಾತುಕತೆ ಎಂದರೆ ಆ ಕೆಮ್ಮು.

ಚೂಟಿ ಫೇಲಾದ ಮರುದಿನ ಹಾರ್ನ್ ಮೇಡಂ ತನ್ನ ಶಿಷ್ಯನೊಂದಿಗೆ ಪರೀಕ್ಷೆ ಮುಗಿಸಿ ಬಂದಳು. ಮೂಡಣ ಬೀದಿಯ ಬೇಕರಿಯವನು ಅವನು, ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಹೋದಷ್ಟೇ ಬೇಗ ವಾಪಸು ಬಂದಿದ್ದರು. ಬೇಕರಿಯವನು ಕಾರಿನಿಂದಿಳಿದು, ಯಾರಿಗೂ ಮುಖ ತೋರಿಸದೆ, ಸೈಕಲ್ ಹತ್ತಿ ಹೊರಟುಹೋದ. ಹಾರ್ನ್ ಮೇಡಂ ಬೆಂಚಿನ ತನ್ನ ತುದಿಯಲ್ಲಿ ಕೂತು ತನ್ನ ಬಲಗಾಲನ್ನು ದಿಟ್ಟಿಸತೊಡಗಿದಳು.

ಆ ನೋಟದ ಪರಿಚಯ ಮಾಮನಿಗಿತ್ತು.

‘ನಮ್ಮ ಬೀದಿ ಬಾಯಲ್ಲಾ?’ ಎಂದ, ಎದುರಿನ ಗೋಡೆಗೆ.

‘ಹೂಂ’ ಎಂದಳು ಆಕೆ, ಅದೇ ಗೋಡೆಗೆ. ‘ನಾಯಿ ಅಡ್ಡ ಬಂತು.’

‘ನಮಗೆ ಬೆಕ್ಕು.’

‘ಗೊತ್ತು. ಪರೀಕ್ಷೆ ಮಾಡೋಳು ಹೇಳಿದ್ಲು. ಈ ಊರಲ್ಲಿ ಕಾಣದೇ ಇರೋ ಪ್ರಾಣಿಗಳು ಬಹಳ ಅಂತ.’

ಮಾಮನಿಗೆ ನಗು ಬಂತು. ಅದನ್ನು ಕೆಮ್ಮಾಗಿಸಲು ಹೋದ. ಅವನು ಏಳುತ್ತಾನೆಂದುಕೊಂಡು ಹಾರ್ನ್ ಮೇಡಂ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಗ ಆಕೆಗೂ ನಗು ಬಂತು.

ನಗು ನಿಂತ ಮೇಲೆ ಆಕೆ ಹೇಳಿದಳು: ‘ನಿಮ್ಮ ಬೀದಿ ಬಾಯಲ್ಲಿ ಉರಿದ ಟ್ಯಾಕ್ಸಿ ನಮ್ಮನೆಯವರದ್ದು. ಅವರು ಒಳಗಿರ್ಲಿಲ್ಲ. ಆದ್ರೂ ಅಲ್ಲಿಗೆ ಬಂದ್ರೆ ಕಾಲು ಕೇಳಲ್ಲ.’

ಮಾಮ ಆ ದಿನ ಮನೆಯಲ್ಲೇ ಇದ್ದ. ಸುಟ್ಟ ಟೈರಿನ ವಾಸನೆ ಒಳಗೆ ಬರುತ್ತದೆಂದು ಕಿಟಕಿ ಮುಚ್ಚಿದವನು ಅವನೇ. ಅದನ್ನು ಹೇಳಲಿಲ್ಲ. ‘ನಿಮ್ಮ ಬೀದಿ ಬಾಯಲ್ಲಿ ನಮ್ಮ ಭಾವನ ಕಾಲು ಮುರೀತು’ ಎಂದ. ಆಕೆ ತಲೆಯಾಡಿಸಿದಳು. ಯಾರ ಲೆಕ್ಕ ದೊಡ್ಡದೆಂದು ಇಬ್ಬರೂ ಜಗ್ಗಾಡಲಿಲ್ಲ. ಅದಕ್ಕೆ ಊರಿನಲ್ಲಿ ಬೇಕಾದಷ್ಟು ಜನರಿದ್ದರು.

‘ನನ್ನ ಕಾಲು ನಿಮ್ಮ ಬೀದಿಗೆ ಹೆದರುತ್ತೆ’ ಎಂದಳು ಹಾರ್ನ್ ಮೇಡಂ. ‘ನನ್ನ ಬೀದಿಗಲ್ಲ.’

‘ನನ್ನದೂ ಹಾಗೇ’ ಎಂದ ಮಾಮ. ‘ನನ್ನ ಬೀದಿ ಬಾಯಲ್ಲಿ ಅದು ಸುಮ್ಮನೆ ಬಿದ್ದಿರುತ್ತೆ.’

ಇಬ್ಬರೂ ಒಂದೇ ಸಲ ಗೋಡೆ ಬಿಟ್ಟು ಒಬ್ಬರನ್ನೊಬ್ಬರು ನೋಡಿದರು.

ಮರುದಿನ ಬೆಳಿಗ್ಗೆ ಮಾಮನ ಕಾರಿನಲ್ಲಿ ಎರಡನೇ ಬ್ರೇಕಿನ ಮೇಲೆ ಹಾರ್ನ್ ಮೇಡಂ ಕೂತಳು. ಮಾಮನಿಗೆ ಹಿಂದಿನ ಸೀಟು. ಚೂಟಿ ಇಬ್ಬರನ್ನೂ ನೋಡಿ ಕನ್ನಡಿ ಸರಿಮಾಡಿಕೊಂಡಳು. ಹಾರ್ನ್ ಮೇಡಂ ಕಲಿಸುವ ರೀತಿಯೇ ಬೇರೆ. ‘ಬ್ರೇಕ್ ಹಾಕಿದ್ರೆ ನೀನು ನಿಲ್ತೀಯ. ಹಾರ್ನ್ ಹೊಡೆದ್ರೆ ಅವರು ನಿಲ್ತಾರೆ. ಯಾವುದು ಲಾಭ?’ ಎನ್ನುತ್ತಾ, ಬೇಕಿರಲಿ ಬೇಡದಿರಲಿ, ಕೈ ಚಾಚಿ ಸ್ಟೀರಿಂಗಿನ ನಡುವೆ ಗುದ್ದುತ್ತಿದ್ದಳು. ಪಡುವಣ ಬೀದಿಯ ಬಾಯಲ್ಲಿ ಮಾಮ ಹಿಂದಿನಿಂದ, ‘ಇದು ನಮ್ಮ ಬೀದಿ, ನಾನಿದೀನಿ’ ಎಂದದ್ದಕ್ಕೆ ಆಕೆಯ ಕಾಲು ಪೆಡಲಿನ ಮೇಲೆದ್ದರೂ ಒತ್ತಲಿಲ್ಲ. ಮೂಡಣ ಬೀದಿಯ ಬಾಯಿ ಹತ್ತಿರವಾಗುತ್ತಿದ್ದಂತೆ ಮಾಮನ ಬಲಗಾಲು ಹಿಂದಿನ ಸೀಟಿನಡಿಯ ಮ್ಯಾಟನ್ನು ಒತ್ತತೊಡಗಿತು. ಅಲ್ಲಿ ಪೆಡಲಿರಲಿಲ್ಲ. ಎಷ್ಟು ಒತ್ತಿದರೂ ಕಾರು ಮುಂದೆ ಹೋಗುತ್ತಲೇ ಇತ್ತು. ಹೀಗೊಂದು ಸಾಧ್ಯತೆ ಇದೆಯೆಂದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಬೀಗ ರಿಪೇರಿಯವನು ಉಜ್ಜುವುದನ್ನು ನಿಲ್ಲಿಸಿ ನೋಡಿದ. ಎರಡನೇ ಸುತ್ತಿನಲ್ಲಿ ಹಾರ್ನ್ ಮೇಡಂ ಕಾರು ನಿಲ್ಲಿಸಲು ಹೇಳಿ, ಕಿಟಕಿ ಇಳಿಸಿದಳು.

‘ಏನಕ್ಕಾ, ಕಾರು ಬೇರೆ ಯಾರದ್ದೋ?’ ಎಂದ ಅವನು.

‘ಹೊಸ ಸ್ಟೂಡೆಂಟು.’

‘ಆಚೆ ಹುಡುಗಿ ಅಲ್ವಾ ಇದು?’

‘ಪರೀಕ್ಷೆ ಪಾಸಾದ್ರೆ ಆಂಬ್ಯುಲೆನ್ಸ್ ಓಡಿಸ್ತಾಳೆ. ನಿನಗೆ ಬಿ.ಪಿ. ಇದೆ ತಾನೆ? ಮುಖ ನೋಡಿ ನೆನಪಿಟ್ಕೋ.’

ಬೀಗ ರಿಪೇರಿಯವನು ಚೂಟಿಯ ಮುಖ ನೋಡಿದ. ಆಮೇಲೆ ಬಗ್ಗಿ ಹಿಂದಿನ ಸೀಟು ನೋಡಿದ. ‘ಹಿಂದೆ ಕೂತಿರೋರು ಯಾರು?’

‘ಅವರೂ ಸ್ಟೂಡೆಂಟೇ.’

‘ಈ ವಯಸ್ಸಲ್ಲಾ?’

‘ಕೆಲವರು ನಿಧಾನ’ ಎಂದು ಹೇಳಿ ಹಾರ್ನ್ ಮೇಡಂ ಕಿಟಕಿ ಏರಿಸಿದಳು. ಚೂಟಿಯ ಭುಜಗಳು ಕುಲುಕುತ್ತಿದ್ದವು. ಮಾಮ ಮ್ಯಾಟಿನ ಮೇಲಿನ ಕಾಲನ್ನು ಹಿಂದಕ್ಕೆಳೆದುಕೊಂಡ.

ಮಧ್ಯಾಹ್ನ ಹಾರ್ನ್ ಮೇಡಂನ ಕಾರಿನಲ್ಲಿ ಇದರ ತದ್ವಿರುದ್ಧ. ಮಾಮ ಬ್ರೇಕಿನ ಮೇಲೆ, ಆಕೆ ಹಿಂದೆ, ಬೇಕರಿಯವನು ಸ್ಟೀರಿಂಗಿನಲ್ಲಿ. ಪಡುವಣ ಬೀದಿಯ ಬಾಯಲ್ಲಿ ಮಾಮನ ಕಾಲು ಮಲಗಿದ ಕರುವಿನಂತೆ ತೆಪ್ಪಗಿತ್ತು. ಬೇಕರಿಯವನು ಭಯಕ್ಕೆ ಉಸಿರು ಬಿಗಿಹಿಡಿದು, ದಾಟಿದ ಮೇಲೆ ಬಿಟ್ಟ. ಮಾಮನಿಗೆ ಬೇರೆಯದೇ ಒಂದು ಸಂಗತಿ ತಿಳಿಯಿತು: ತಾನು ದಿನಾ ಬೆಳಗೆದ್ದರೆ ಕಾಣುವ ಕ್ಷೌರದಂಗಡಿ, ಗೋಡೆಗೊರಗಿದ ಏಣಿ, ತನ್ನದೇ ಮನೆಯ ಕಿಟಕಿ, ಇವುಗಳನ್ನು ನೋಡಿ ಒಬ್ಬ ದಷ್ಟಪುಷ್ಟ ಮನುಷ್ಯನಿಗೆ ಬೆವರು ಬರುತ್ತದೆ. ಕಿಟಕಿಯಲ್ಲಿ ಭಾವನ ಮುಖವಿತ್ತು. ಅದು ಸರಿದುಹೋಯಿತು.

ಊರು ಎಲ್ಲವನ್ನೂ ನೋಡಿತು. ಊರು ನೋಡದೇ ಇರುವುದು ತನಗೆ ಬೇಡವಾದದ್ದನ್ನು ಮಾತ್ರ. ವಾರದೊಳಗೆ ಮಾಮನ ಬಳಿ ಕಲಿಯುತ್ತಿದ್ದ ಪೇಂಟರು, ‘ನನಗೆ ಕೆಲಸ ಜಾಸ್ತಿ ಇದೆ’ ಎಂದು ಬರುವುದನ್ನು ಬಿಟ್ಟ. ಒಂದು ಬೆಳಿಗ್ಗೆ ಕಾರಿನ ಗಾಲಿಗಳ ಗಾಳಿ ಇಳಿದಿತ್ತು. ಹಾರ್ನ್ ಮೇಡಂನ ಕಾರಿನ ಬೋರ್ಡಿಗೆ ಆಕೆಯ ಬೀದಿಯವರೇ ಟಾರು ಬಳಿದರು. ‘ನಿಮಗೆ ಗಾಳಿ, ನಮಗೆ ಟಾರು’ ಎಂದಳು ಆಕೆ ಬೆಂಚಿನಲ್ಲಿ. ಕ್ಷೌರದಂಗಡಿಯವನು ಮಾಮನ ಗಡ್ಡ ಕೆರೆಯುವಾಗ ಸುಮ್ಮನಿದ್ದ; ಮಾತಿಲ್ಲದ ಕ್ಷೌರ ಮಾಮನಿಗೆ ಅದೇ ಮೊದಲು, ಕುತ್ತಿಗೆಯ ಹತ್ತಿರ ಕತ್ತಿ ಬಂದಾಗ ಅವನ ಕಾಲು ನೆಲ ಒತ್ತಿತು. ಭಾವ ಮಾತು ಬಿಟ್ಟ. ಊಟಕ್ಕೆ ಕೂತಾಗ, ‘ಅವನಿಗೆ ನೀರು ಬೇಕೇನೋ ಕೇಳು’ ಎಂದು ಅಕ್ಕನ ಮೂಲಕ ಕೇಳಿಸುತ್ತಿದ್ದ. ಅಕ್ಕ, ‘ನಾನೇನು ನಿಮ್ಮಿಬ್ಬರ ಮಧ್ಯದ ಕಾರಂಜಿನಾ?’ ಎಂದು ಬೈದರೂ ನೀರು ಬಡಿಸುತ್ತಿದ್ದಳು.

ಪರೀಕ್ಷೆಯ ದಿನ ಬಂತು. ತಿಂಗಳ ಕೊನೆಯ ಪರೀಕ್ಷೆ ಅದು. ಮೊದಲು ಚೂಟಿ, ಅವಳ ನಂತರ ಬೇಕರಿಯವನು. ಹಾರ್ನ್ ಮೇಡಂ ಮಾಮನ ಕಾರಿನ ಬಾಗಿಲು ತೆಗೆದು ಬ್ರೇಕಿನ ಸೀಟಿನಲ್ಲಿ ಕೂತೂ ಆಗಿತ್ತು.

‘ಈ ಕಾರು ಯಾವ ಶಾಲೆದು?’ ಎಂದಳು ಪರೀಕ್ಷಕಿ.

‘ಇವರದ್ದು’ ಎಂದು ಹಾರ್ನ್ ಮೇಡಂ ಮಾಮನನ್ನು ತೋರಿಸಿದಳು.

‘ಹಾಗಿದ್ರೆ ಇವರೇ ಕೂರ್ಬೇಕು. ಕಾರಿನ ಶಾಲೆಯವರನ್ನ ಬಿಟ್ಟು ಬೇರೆಯವರು ಪರೀಕ್ಷೆಲಿ ಕೂರೋ ಹಾಗಿಲ್ಲ.’

ಅಷ್ಟು ದಿನ ಸುತ್ತಿದ್ದೆಲ್ಲ ನೀರಿನಲ್ಲಿ ಹೋಮವಾಯಿತು. ಚೂಟಿ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರಿಗೆ ನೋಡುತ್ತಾ ಕೂತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಚಿಕ್ಕಂದಿನಲ್ಲಿ ಅಳು ತಡೆಯುವಾಗಲೂ ಅವಳ ಕಿವಿ ಹಾಗೇ ಆಗುತ್ತಿದ್ದದ್ದು ಮಾಮನಿಗೆ ಗೊತ್ತಿತ್ತು.

ಹಾರ್ನ್ ಮೇಡಂ ಕಾರಿನಿಂದಿಳಿದು ಮಾಮನ ಹತ್ತಿರ ಬಂದಳು. ‘ನಾನು ನಡ್ಕೊಂಡು ಮುಂದೆ ಹೋಗ್ತೀನಿ. ನಮ್ಮ ಬೀದಿ ಬಾಯಲ್ಲಿ ನಿಂತಿರ್ತೀನಿ. ನೀವು ಬೀದಿ ನೋಡ್ಬೇಡಿ. ನನ್ನ ಮಾತ್ರ ನೋಡಿ.’

‘ನೋಡಿದ್ರೆ?’

‘ನಾನು ನಿಂತಿರೋ ಜಾಗದಲ್ಲಿ ನಿಮಗೇನಾಗುತ್ತೆ?’

ಮಾಮ ಯೋಚಿಸಿದ. ‘ಆಮೇಲೆ ನಿಮ್ಮ ಸರದಿಗೆ ನಾನು ನಮ್ಮ ಬೀದಿ ಬಾಯಲ್ಲಿ ನಿಲ್ತೀನಿ’ ಎಂದ. ಹೇಳಿದ ಮೇಲೆ, ಅದು ಎಲ್ಲಿ, ಯಾರೆಲ್ಲರ ಎದುರಿಗೆ ಎಂಬುದು ಅವನ ತಲೆಗೆ ಬಂತು. ಹಾರ್ನ್ ಮೇಡಂ ಆಗಲೇ ಬಿರಬಿರನೆ ಹೊರಟಿದ್ದಳು.

‘ಈ ಸಲ ನನಗೆ ನಿಮ್ಮ ಕಾಲು ಕಾಣ್ತಾ ಇರ್ಬೇಕು’ ಎಂದು ಪರೀಕ್ಷಕಿ ಹಿಂದಿನ ಸೀಟಿನಲ್ಲಿ ಬಲಕ್ಕೆ ಸರಿದು, ಮುಂದಕ್ಕೆ ಬಗ್ಗಿ ಕೂತಳು.

ಕಾರು ಹೊರಟಿತು. ಪಡುವಣ ಬೀದಿಯ ಬಾಯಿ, ಆಸ್ಪತ್ರೆಯ ರಸ್ತೆ. ಚೂಟಿಯ ಕೈ ಹಗುರವಾಗಿತ್ತು. ವೃತ್ತದ ಆಚೆಯ ಅರ್ಧ ಶುರುವಾದಾಗ ಮಾಮನ ಬಲಗಾಲಿನ ಹೆಬ್ಬೆರಳು ಶೂ ಒಳಗೆ ಮಿಸುಕಿತು. ದೂರದಲ್ಲಿ ಹಾರ್ನ್ ಮೇಡಂ ಕಂಡಳು, ಬೀದಿಯ ಬಾಯಲ್ಲಿ, ಕೈಚೀಲವನ್ನು ಎದೆಗವಚಿಕೊಂಡು. ಆಕೆ ಅಲ್ಲಿ ಯಾಕೆ ನಿಂತಿದ್ದಾಳೆಂದು ಕೇಳಲು ಬೀಗ ರಿಪೇರಿಯವನು ಸ್ಟೂಲಿನಿಂದೆದ್ದ. ಆಕೆ ರಸ್ತೆಯನ್ನೇ ನೋಡುತ್ತಿದ್ದದ್ದರಿಂದ ಅವನೂ ರಸ್ತೆಯಲ್ಲೇನೋ ಬಿದ್ದಿದೆಯೆಂದು ತಿಳಿದು, ನೆಲ ನೋಡುತ್ತಾ, ಸೀದಾ ಕಾರಿನ ದಾರಿಗೆ ಇಳಿದುಬಿಟ್ಟ.

ಮಾಮನ ಕಾಲು ಎದ್ದಿತು. ಪೆಡಲಿನ ಮೇಲೆ ಬೆರಳಗಲದ ಎತ್ತರದಲ್ಲಿ ನಿಂತಿತು. ಅವನು ಬೀಗ ರಿಪೇರಿಯವನನ್ನು ನೋಡಲಿಲ್ಲ, ಬೀದಿಯನ್ನು ನೋಡಲಿಲ್ಲ. ಹಾರ್ನ್ ಮೇಡಂ ಅಂಗೈ ಎತ್ತಿ, ತಾಳಿ, ಎಂಬಂತೆ ಗಾಳಿಯಲ್ಲಿ ಒತ್ತಿ ಹಿಡಿದಿದ್ದಳು. ಅವನು ಆ ಅಂಗೈ ನೋಡಿದ. ಬೆರಳುಗಳು ಶೂ ಒಳಗೆ ಮುದುಡಿಕೊಂಡವು. ಕಾರು ನಿಧಾನವಾಗಿ, ಕುಲುಕದೆ, ಎಂಜಿನ್ ಆರದೆ ನಿಂತಿತು.

ಬೀಗ ರಿಪೇರಿಯವನು ಬೆಚ್ಚಿ ತಲೆಯೆತ್ತಿದ. ಚೂಟಿಯ ಮುಖ ಅವನಿಗೆ ನೆನಪಿತ್ತು. ಹಿಂದಕ್ಕೆ ಸರಿದು, ದಾರಿ ಬಿಟ್ಟು, ಹೋಗು ಎಂದು ಕೈ ಮಾಡಿದ. ಅಂದು ಭಾವನ ವ್ಯಾನಿನ ಬಾಗಿಲು ತೆಗೆದವರಲ್ಲಿ ಈ ಕೈಯೂ ಇತ್ತೇ ಎಂದು ಮಾಮನಿಗೆ ತಿಳಿಯದು. ಅದು ಕೇಳಿ ತಿಳಿಯುವ ಹೊತ್ತೂ ಆಗಿರಲಿಲ್ಲ.

‘ಯಾರು ಬ್ರೇಕ್ ಹಾಕಿದ್ದು?’ ಎಂದಳು ಪರೀಕ್ಷಕಿ.

‘ನಾನು’ ಎಂದಳು ಚೂಟಿ.

‘ಬೆಕ್ಕಾ?’

‘ಇಲ್ಲ ಮೇಡಂ. ಮನುಷ್ಯ.’

ಪರೀಕ್ಷಕಿ ಹಿಂದಕ್ಕೊರಗಿದಳು. ‘ಮುಂದೆ ಹೋಗಿ’ ಎಂದಳು. ಚೂಟಿ ಕಚೇರಿಗೆ ಬಂದು ರಿವರ್ಸಿನಲ್ಲಿ ಎರಡು ಕಂಬಗಳ ನಡುವೆ ಕಾರನ್ನು ನಿಲ್ಲಿಸಿದಳು, ಪೆಟ್ಟಿಗೆಗೆ ಬಳೆ ಇಟ್ಟಷ್ಟು ನಾಜೂಕಾಗಿ. ಪಾಸು ಎಂದ ಕೂಡಲೇ ಅವಳು ಕುಣಿಯಲಿಲ್ಲ, ಕೂಗಲಿಲ್ಲ. ಮಾಮನ ಬಲಗಾಲಿನ ಮೊಣಕಾಲಿಗೆ ಒಂದು ಗುದ್ದು ಕೊಟ್ಟು, ಲೈಸೆನ್ಸ್ ಹಿಡಿದು ಆಸ್ಪತ್ರೆಗೆ ಓಡಿದಳು.

ಮಾಮ ಬೆಂಚಿನ ತನ್ನ ತುದಿಯಲ್ಲಿ ಕೂತ. ಬೇಕಾದದ್ದು ಸಿಕ್ಕಾಗಿತ್ತು. ಹಾರ್ನ್ ಮೇಡಂ ವೃತ್ತದಿಂದ ನಡೆದು ಬಂದಳು, ಅವನನ್ನು ಏನೂ ಕೇಳಲಿಲ್ಲ, ನೆನಪಿಸಲೂ ಇಲ್ಲ. ತನ್ನ ಕಾರಿನ ಬಾಗಿಲು ತೆಗೆದು, ಬ್ರೇಕಿನ ಸೀಟಿನಲ್ಲಿ ಕೂತು, ಟಾರಿನ ಕಲೆಯ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಬೇಕರಿಯವನು ಉಸಿರು ಬಿಗಿಹಿಡಿಯಲು ಆಗಲೇ ಶುರುಮಾಡಿದ್ದ.

ಮಾಮ ಕೆಮ್ಮಿದ. ಬೆಂಚಿನ ಆ ತುದಿಯಲ್ಲಿ ಯಾರೂ ಇರಲಿಲ್ಲ. ಎದ್ದು ನಡೆದ.

ಪಡುವಣ ಬೀದಿಯ ಬಾಯಲ್ಲಿ ಅಂದು ಸ್ವಲ್ಪ ಜನ ಜಾಸ್ತಿಯೇ ಇದ್ದರು. ಸುದ್ದಿ ಅವನಿಗಿಂತ ಮೊದಲು ಬಂದಿತ್ತು. ಕ್ಷೌರದಂಗಡಿಯವನು ಕತ್ತಿ ಹಿಡಿದೇ ಬಾಗಿಲಿಗೆ ಬಂದಿದ್ದ, ಅವನ ಹಿಂದೆ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡ ಪೇಂಟರು.

‘ಯಾರನ್ನ ಕಾಯ್ತಿದೀಯ?’ ಎಂದ ಕ್ಷೌರದಂಗಡಿಯವನು. ವಾರಗಳ ಮೇಲೆ ಅವನಾಡಿದ ಮೊದಲ ಮಾತು.

‘ಹಾರ್ನ್ ಮೇಡಂ ಬರ್ತಾರೆ.’

‘ಇಲ್ಲಿಗಾ?’

‘ಇಲ್ಲಿಗಲ್ಲ. ಇಲ್ಲಿಂದ ಮುಂದಕ್ಕೆ.’

‘ಬರ್ಲಿ ಬರ್ಲಿ, ನೋಡೋಣ’ ಎಂದ ಪೇಂಟರು ಸೋಪಿನ ಒಳಗಿನಿಂದ. ಅವನ ಕೈಯಲ್ಲಿ ಏಣಿಗೆ ಒತ್ತುಕೊಡುವ ಇಟ್ಟಿಗೆ ಇತ್ತು. ಅದು ಅಲ್ಲಿಗೆ ಯಾವಾಗ ಬಂತೆಂದು ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಮಾಮ ಫುಟ್‌ಪಾತಿನಿಂದ ರಸ್ತೆಗಿಳಿದ. ಅಂಗಡಿಗೂ ರಸ್ತೆಗೂ ನಡುವೆ, ಪೇಂಟರಿಗೆ ಬೆನ್ನು ಮಾಡಿ ನಿಂತ. ಲೈಸೆನ್ಸ್ ಕಚೇರಿಯ ರಸ್ತೆಯಲ್ಲಿ ಕಾರು ಕಾಣಿಸಿತು. ಗಾಜಿನ ಹಿಂದೆ ಹಾರ್ನ್ ಮೇಡಂನ ಮುಖ ಸುಣ್ಣ ಬಳಿದಂತಿತ್ತು. ಮಾಮ ಇನ್ನೊಂದು ಹೆಜ್ಜೆ ಮುಂದಿಟ್ಟು, ಅಂಗೈ ಎತ್ತಿ ಹಿಡಿದ.

ಆಗ ಮೇಲಿನಿಂದ ಕಿಟಕಿ ತೆರೆದ ಸದ್ದಾಯಿತು.

‘ಏಯ್’ ಎಂದ ಭಾವ. ಇಡೀ ಬೀದಿ ತಲೆಯೆತ್ತಿತು. ಭಾವ ಕುರ್ಚಿಯಿಂದೆದ್ದು ನಿಂತಿದ್ದ, ಚೌಕಟ್ಟು ಹಿಡಿದುಕೊಂಡು. ಅಕ್ಕನ ಮೂಲಕವಲ್ಲದೆ, ನೇರವಾಗಿ ಮಾಮನಿಗೇ ಹೇಳಿದ: ‘ಅಷ್ಟು ಮುಂದೆ ನಿಲ್ತಾರೇನೋ? ಪಕ್ಕಕ್ಕೆ ಸರಿ. ಆಯಮ್ಮ ನಿನಗೇ ಬ್ರೇಕ್ ಹಾಕ್ಬೇಕಾಗುತ್ತೆ.’

ಮಾಮ ಪಕ್ಕಕ್ಕೆ ಸರಿದ. ಅಂಗೈ ಇಳಿಸಲಿಲ್ಲ. ಭಾವ ಈಗ ಪೇಂಟರನ್ನು ನೋಡಿದ, ಮಡಚದ ಕಾಲಿನ ಭಾರವನ್ನೆಲ್ಲ ಚೌಕಟ್ಟಿನ ಮೇಲೆ ಹಾಕಿ. ಪೇಂಟರು ಇಟ್ಟಿಗೆಯನ್ನು ಏಣಿಯ ಬುಡಕ್ಕೆ ಇಟ್ಟು, ಅದು ಸರಿಯಾಗಿ ಕೂತಿದೆಯೇ ಎಂದು ಕಾಲಿನಿಂದ ಒತ್ತಿ ಪರೀಕ್ಷಿಸಿದ.

ಕಾರು ನಿಲ್ಲದೆ ಹಾದುಹೋಯಿತು. ಹಾದುಹೋಗುವಾಗ, ಯಾವ ಅಗತ್ಯವೂ ಇಲ್ಲದೆ, ಉದ್ದಕ್ಕೆ ಹಾರ್ನ್ ಮೊಳಗಿತು. ಕ್ಷೌರದಂಗಡಿಯವನು ಹಾರಿಬಿದ್ದ. ಭಾವನ ತಲೆ, ಕಾರಿನ ಹಿಂದೆಯೇ, ಆಸ್ಪತ್ರೆಯ ರಸ್ತೆಯನ್ನು ದಾಟಿ, ವೃತ್ತದ ಆಚೆಯ ಅರ್ಧದವರೆಗೂ ತಿರುಗಿತು.

ಮಾಮ ಓಡೋಡಿ ಕಚೇರಿಗೆ ಬಂದಾಗ ಬೇಕರಿಯವನು ಸೈಕಲ್ ಹತ್ತಿ ಹೊರಟಿದ್ದ. ಹಾರ್ನ್ ಮೇಡಂ ಬೆಂಚಿನ ನಡುವಿನಲ್ಲಿ ಕೂತಿದ್ದಳು.

‘ಫೇಲು’ ಎಂದಳು.

‘ಯಾಕೆ? ನಾನು ನಿಂತಿದ್ದೆನಲ್ಲ! ಕಾರು ನಿಲ್ಲಲೇ ಇಲ್ಲ, ನಾನೇ ನೋಡಿದೆ!’

‘ಸುತ್ತಿದ್ದು ಚೆನ್ನಾಗೇ ಸುತ್ತಿದ. ರಿವರ್ಸಲ್ಲಿ ಕಂಬಕ್ಕೆ ಗುದ್ದಿದ.’

‘ಕಂಬಕ್ಕಾ?’

‘ಕಂಬಕ್ಕೆ. ನಾಯಿ ಇಲ್ಲ, ಬೆಕ್ಕೂ ಇಲ್ಲ.’

ಬಾಗಿದ ಕಂಬವನ್ನು ಇಬ್ಬರೂ ನೋಡಿದರು. ಮಾಮ ಬೆಂಚಿನ ಮೇಲೆ ಕೂತ. ಈ ಸಲ ಅದು ಯಾವ ಕಡೆಗೂ ವಾಲಲಿಲ್ಲ.

‘ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ’ ಎಂದ. ‘ರಿವರ್ಸ್ ನಾನು ಹೇಳಿಕೊಡ್ತೀನಿ. ಅಲ್ಲಿ ಬ್ರೇಕ್ ಬೇಕೇ ಬೇಕು.’